ಏಳು ಸಾವಿರ ಪದರ

ಭಾಮೈದ ಮೂರನೆಯ ಸಲ ಬಚ್ಚಲಿನ ಬಾಗಿಲು ತಟ್ಟಿದಾಗಲೂ ಟೈಲರಪ್ಪ ಒಳಗೆ ಗೋಡೆಗೆ ಒಂದು ಕೈ ಕೊಟ್ಟು, ಕಣ್ಣು ಮುಚ್ಚಿ ನಿಂತೇ ಇದ್ದರು. ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದರು. ನೀರಿನ ಸದ್ದು ಕೇಳಿದರೆ ತಾನಾಗಿ ಬರುತ್ತದೆ ಎಂದು ಯಾರೋ ಎಂದೋ ಹೇಳಿದ್ದ ನೆನಪು. ಬಕೆಟ್ಟು ತುಂಬಿ ಹೊರಗೆ ಹರಿಯಿತೇ ಹೊರತು ಅವರಿಂದ ಒಂದು ಹನಿಯೂ ಬರಲಿಲ್ಲ.

"ಭಾವ, ಗಾಡಿ ಬಂದು ನಿಂತಿದೆ. ಹನ್ನೊಂದಕ್ಕೆ ಹೊರಡಬೇಕು. ಸ್ಮಶಾನದಲ್ಲಿ ಕಾಯ್ತಿದಾರೆ."

"ಬಂದೆ."

"ಅಳು ಬಂದ್ರೆ ಹೊರಗೇ ಅಳಿ ಭಾವ. ನಮ್ಮೆದುರು ಏನು ಸಂಕೋಚ?"

ಟೈಲರಪ್ಪ ಪ್ಯಾಂಟಿನ ಗುಂಡಿ ಹಾಕಿಕೊಳ್ಳಲು ನೋಡಿದರು. ಹೊಟ್ಟೆಯ ಕೆಳಭಾಗ ಕಲ್ಲಿನಂತೆ ಬಿಗಿದಿತ್ತು. ಗುಂಡಿ ಕಾಜಕ್ಕೆ ಸಿಗಲಿಲ್ಲ. ಐವತ್ತು ವರ್ಷ ಊರವರ ಸೊಂಟದ ಅಳತೆ ತೆಗೆದವರು, ತಮ್ಮ ಸೊಂಟ ಒಂದೇ ರಾತ್ರಿಗೆ ಎರಡು ಇಂಚು ಹೆಚ್ಚಾದದ್ದನ್ನು ಬೆರಳಲ್ಲೇ ಅಳೆದು, ಅಂಗಿಯನ್ನು ಹೊರಗೆ ಇಳಿಬಿಟ್ಟು ಬಾಗಿಲು ತೆಗೆದರು.

ನಡುಮನೆಯಲ್ಲಿ ಹೆಂಗಸರು ಪಿಸುಗುಟ್ಟುತ್ತಿದ್ದದ್ದು ಕಿವಿಗೆ ಬಿತ್ತು.

"ಬೆಳಗಿನಿಂದ ಇದು ಆರನೇ ಸಲ. ಒಳಗೆ ಹೋಗಿ ಅತ್ಕೊಂಡು ಬರ್ತಾರೆ ಪಾಪ. ಜನರ ಮುಂದೆ ಕಣ್ಣೀರು ಹಾಕೋ ಪೈಕಿ ಅಲ್ಲ."

"ಅಂಥ ಗಂಡ ಸಿಗಬೇಕಲ್ಲಮ್ಮ."

ಟೈಲರಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಿನ್ನೆ ಮಧ್ಯಾಹ್ನದಿಂದ ಅವರು ಒಂದು ತೊಟ್ಟು ಕಣ್ಣೀರೂ ಹಾಕಿರಲಿಲ್ಲ. ದುಃಖಕ್ಕೆ ಜಾಗವೇ ಇರಲಿಲ್ಲ, ದೇಹವೆಲ್ಲ ಆ ಒಂದೇ ನೋವು ತುಂಬಿಕೊಂಡಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಮಗಳು ನಡುವಿಗೆ ಎಳೆಸಿ, ಬಿಳಿ ಬಟ್ಟೆ ಹಾಸಿ, ಅಮ್ಮನನ್ನು ಅದರ ಮೇಲೆ ಮಲಗಿಸಿದ್ದಳು. ಹೊಲಿಗೆ ಮಿಷನ್‌ಗಳನ್ನು ಗೋಡೆಗೆ ಸರಿಸಲಾಗಿತ್ತು. ಅರವತ್ತೊಂಬತ್ತು ವರ್ಷದ ಹೆಂಗಸು ನಿನ್ನೆ ಊಟ ಮುಗಿಸಿ, ಕುರ್ಚಿಯಲ್ಲಿ ಕೂತು, ಪೇಪರು ಮಡಿಚಿಟ್ಟು, ಹಾಗೇ ಹೋಗಿಬಿಟ್ಟಿದ್ದಳು. ಹೃದಯ, ಎಂದರು ಬಂದ ಡಾಕ್ಟರು. ನೆಗಡಿ ಮಾತ್ರೆ ನುಂಗಿ ಮಲಗಿದ್ದ ಟೈಲರಪ್ಪ ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಬಂದವರು ಹೋದವರ ನಡುವೆ, ಅವಳ ಪಕ್ಕದಿಂದ ಏಳಲು ಮನಸ್ಸಿಲ್ಲದೆ ತಡೆದು ಕೂತರು. ತಡೆದದ್ದು ತಡೆದೇ ಹೋಯಿತು.

*

ಮದುವೆಯಾಗಿ ಎರಡು ವರ್ಷಕ್ಕೆ ಅವಳಿಗೆ ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತ್ತು. ಒಂದು ದಿನ ಮೈಕ್ರೋಟೋಮ್ ಎಂಬ ಕತ್ತರಿಸುವ ಯಂತ್ರದ ಮುಂದೆ ಕೂರುವವನು ಬರಲಿಲ್ಲ. ತುರ್ತಾಗಿ ಒಂದು ಚೂರು ಕತ್ತರಿಸಬೇಕಿತ್ತು. ದಿನವೂ ದೂರದಿಂದ ನೋಡುತ್ತಿದ್ದವಳು "ನಾನು ಕೂರಲಾ?" ಎಂದಳಂತೆ. ಕೂತವಳು ಮೂವತ್ತನಾಲ್ಕು ವರ್ಷ ಏಳಲಿಲ್ಲ. ಲ್ಯಾಬಿನ ತುಂಬ ಅವಳಿಗೆ ಬ್ಲೇಡಮ್ಮ ಎಂದೇ ಹೆಸರಾಯಿತು.

"ಅಲ್ಲಿ ಏನು ಮಾಡ್ತೀಯ?" ಎಂದು ಟೈಲರಪ್ಪ ಕೇಳಿದ್ದರು.

"ನಿಮ್ಮ ಹಾಗೇ. ಕತ್ತರಿಸೋದು."

"ಏನನ್ನ?"

"ಮನುಷ್ಯರನ್ನ," ಎಂದು ಹೆದರಿಸಿ, ಆಮೇಲೆ ನಕ್ಕು ಬಿಡಿಸಿ ಹೇಳಿದ್ದಳು. ಆಪರೇಷನ್ನಿನಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಕೂರಿಸುತ್ತಾರೆ. ಚಕ್ರ ತಿರುಗಿಸಿದರೆ ಮೇಣದ ತುಂಡು ಬ್ಲೇಡಿಗೆ ತಾಗಿ ಪದರ ಪದರವಾಗಿ ಬರುತ್ತದೆ, ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಪಟ್ಟಿಯಿಂದ ಎತ್ತಿಕೊಳ್ಳಬೇಕು. "ಒಂದು ಕೂದಲನ್ನ ಉದ್ದಕ್ಕೆ ಹದಿನೈದು ಸೀಳು ಮಾಡಿ ನೋಡಿ, ಅಷ್ಟು ತೆಳ್ಳಗೆ. ಉಸಿರು ಬಿಟ್ರೆ ಹಾರಿಹೋಗುತ್ತೆ."

"ಅಷ್ಟು ತೆಳ್ಳಗೆ ಕತ್ತರಿಸೋಳು ಮನೇಲಿ ಈರುಳ್ಳಿ ಯಾಕೆ ಹೆಬ್ಬೆರಳು ದಪ್ಪಕ್ಕೆ ಹೆಚ್ತೀಯ?"

"ಈರುಳ್ಳೀನ ಯಾರೂ ಮೈಕ್ರೋಸ್ಕೋಪಲ್ಲಿ ನೋಡಲ್ವಲ್ಲ."

ಅಲ್ಲಿಗೆ ಆ ವಿಚಾರ ಮುಗಿದಿತ್ತು. ಬೆಳಿಗ್ಗೆ ಬಸ್ಸು ಹತ್ತುತ್ತಿದ್ದಳು, ಸಂಜೆ ಇಳಿಯುತ್ತಿದ್ದಳು. ಮಳೆ ಬಂದ ದಿನ ಟೈಲರಪ್ಪ ಕೊಡೆ ಹಿಡಿದು ಕಾಲೇಜಿನ ಗೇಟಿನವರೆಗೆ ಹೋದದ್ದುಂಟು. ಒಳಗೆ ಕಾಲಿಟ್ಟಿರಲಿಲ್ಲ.

*

ಹತ್ತೂವರೆಗೆ ಆಸ್ಪತ್ರೆಯ ವ್ಯಾನು ಬಂತು. ಹಿಂದೆ ಮೂರು ಕಾರು. ಇಳಿದವರನ್ನು ನೋಡಿ ಬೀದಿಯವರು ಜಾಗ ಬಿಟ್ಟರು: ಟಿವಿಯಲ್ಲಿ ಕಾಣುವ ಕ್ಯಾನ್ಸರ್ ಡಾಕ್ಟರು, ಕಾಲೇಜಿನ ಪ್ರಿನ್ಸಿಪಾಲರು, ಲ್ಯಾಬಿನ ಹುಡುಗಿಯರು. ಬಂದವರೆಲ್ಲ ಕತ್ತರಿಸುವ ಮೇಜಿನ ಸುತ್ತ ಸದ್ದಿಲ್ಲದೆ ನಿಂತರು. ಒಬ್ಬಳು ಬಗ್ಗಿ ತೀರಿಕೊಂಡವಳ ಬಲಗೈಯ ಹೆಬ್ಬೆರಳನ್ನು ಮುಟ್ಟಿ ಕಣ್ಣೊರೆಸಿಕೊಂಡಳು.

"ಇವರೆಲ್ಲ ಯಾರು ಭಾವ?" ಭಾಮೈದ ಕಿವಿಯಲ್ಲಿ ಕೇಳಿದ. "ಅಕ್ಕ ಅಲ್ಲಿ ಬಾಟಲಿ ತೊಳೀತಿದ್ಲು ಅಲ್ವಾ?"

ಟೈಲರಪ್ಪ ಗೋಡೆಗೆ ಒರಗಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ಹಣೆಯ ಮೇಲೆ ಬೆವರು.

ಕೊನೆಗೆ ಬಂದವರು ಡಾಕ್ಟರಮ್ಮ. ಬಿಳಿ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ, ಸಣ್ಣ ಆಳು. ಬ್ಲೇಡಮ್ಮ ಕತ್ತರಿಸಿದ್ದನ್ನೆಲ್ಲ ಇಪ್ಪತ್ತೈದು ವರ್ಷ ಮೈಕ್ರೋಸ್ಕೋಪಿನಲ್ಲಿ ನೋಡಿದವರು. ನಿವೃತ್ತಿಯಾಗಿಯೂ ವಾರಕ್ಕೆರಡು ದಿನ ಲ್ಯಾಬಿಗೆ ಹೋಗುತ್ತಿದ್ದವರು. ಮೇಜಿನ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ ಟೈಲರಪ್ಪನ ಕಡೆ ತಿರುಗಿ, ಸಮಾಧಾನ ಹೇಳಲು ಬಾಯಿ ತೆರೆದವರು ಹಾಗೇ ನಿಲ್ಲಿಸಿದರು. ಕಣ್ಣು ಅವರ ಮುಖದಿಂದ ಹೊರಗೆ ಬಿಟ್ಟ ಅಂಗಿಗೆ, ಹೊಟ್ಟೆ ಒತ್ತಿಕೊಂಡ ಕೈಗೆ ಇಳಿಯಿತು.

"ಎಷ್ಟು ಹೊತ್ತಾಯ್ತು?" ತಗ್ಗಿದ ದನಿಯಲ್ಲಿ ಕೇಳಿದರು.

"ಏನು ಡಾಕ್ಟ್ರಮ್ಮ?"

"ಒಂದಕ್ಕೆ ಹೋಗಿ ಎಷ್ಟು ಹೊತ್ತಾಯ್ತು?"

ಟೈಲರಪ್ಪನ ಕಿವಿ ಕೆಂಪಾಯಿತು. "ನಿನ್ನೆ ಸಂಜೆ… ಇವಳನ್ನ ಮಣ್ಣು ಮಾಡಿ ಬಂದ್ಮೇಲೆ ನೋಡಿಕೊಳ್ತೀನಿ."

"ಅಲ್ಲಿ ತನಕ ತಡೆಯೋಕೆ ಆಗಲ್ಲ. ಕಿಡ್ನಿಗೆ ಹೊಡೆತ ಬೀಳುತ್ತೆ. ಆಸ್ಪತ್ರೆ ಹತ್ತು ನಿಮಿಷ. ನಡೀರಿ."

"ಹೆಂಡತಿ ಹೆಣ ಬಿಟ್ಟು ಬಂದ ಅಂತ ಜನ ನಾಳೆ ಆಡಿಕೊಳ್ಳಲ್ವಾ?"

"ಅವಳೇ ಇದ್ದಿದ್ರೆ ನಿಮ್ಮನ್ನ ಇಷ್ಟು ಹೊತ್ತು ಬಿಡ್ತಿದ್ಲಾ?"

ಭಾಮೈದ ನಡುವೆ ಬಂದ. "ಗಾಡಿ ಹನ್ನೊಂದಕ್ಕೆ ಹೇಳಿದೀನಿ. ಇಷ್ಟು ಜನಕ್ಕೆ ಏನಂತ ಹೇಳೋದು?"

ಮಗಳು ಅಮ್ಮನ ತಲೆಯ ಹತ್ತಿರ ಕೂತಿದ್ದವಳು ಎದ್ದು ಬಂದಳು. ಅಪ್ಪನ ಮುಖ ನೋಡಿದಳು. ಅಪ್ಪ ಕತ್ತರಿ ಕೆಳಗಿಟ್ಟ ಮೇಲೆ ಅಂಗಡಿ ನಡೆಸುತ್ತಿದ್ದವಳು ಅವಳೇ. ಗಿರಾಕಿಗಳ ಮುಂದೆ ಸುತ್ತುಬಳಸಿ ಮಾತಾಡಿ ಅಭ್ಯಾಸವಿರಲಿಲ್ಲ. ಕೋಣೆಗೆಲ್ಲ ಕೇಳುವಂತೆ ಹೇಳಿದಳು:

"ಅಪ್ಪನಿಗೆ ಉಚ್ಚೆ ಕಟ್ಟಿದೆ. ಆಸ್ಪತ್ರೆಗೆ ಹೋಗಿ ಬರ್ತಾರೆ. ಅಮ್ಮ ಕಾಯ್ತಾಳೆ. ಅವಸರ ಇದ್ದೋರು ಹೋಗಬಹುದು."

ನಡುಮನೆಯ ಪಿಸುಮಾತು ನಿಂತಿತು. ಬಾಗಿಲ ಹತ್ತಿರ ಕೂತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ತಲೆ ಎತ್ತಿ ಟೈಲರಪ್ಪನನ್ನು ನೋಡಿದರು, ತಟ್ಟನೆ ತಲೆ ತಗ್ಗಿಸಿದರು. ಯಾರೂ ಎದ್ದು ಹೋಗಲಿಲ್ಲ.

*

ಈ ಕಾಟ ಶುರುವಾಗಿ ಹತ್ತು ವರ್ಷವಾಗಿತ್ತು. ಅಳತೆ ತೆಗೆಯುತ್ತ ಇರುವಾಗಲೇ ಗಿರಾಕಿಯ ಒಂದು ತೋಳು ಬಿಟ್ಟು ಟೈಲರಪ್ಪ ಒಳಗೆ ಓಡಬೇಕಾಗುತ್ತಿತ್ತು. ಓಡಿದರೂ ಏನು, ನಿಂತು ನಿಂತು ಕಾಲು ಸೋಲಬೇಕು, ಬರುವುದು ಸೋರುವ ನಲ್ಲಿಯಷ್ಟು. ಬಸ್ಸಿನ ಪ್ರಯಾಣ ಬಿಟ್ಟರು. ನೆಂಟರ ಮನೆ ಬಿಟ್ಟರು. ಕೇಳಿದವರಿಗೆ ಮಂಡಿ ನೋವು ಎಂದರು.

ಒಂದು ಮಧ್ಯಾಹ್ನ ಅವಳು ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತಳು. ಗಿರಾಕಿಗಳು ಇರಲಿಲ್ಲ.

"ನಿಮಗೆ ಪ್ರಾಸ್ಟೇಟ್ ದೊಡ್ಡದಾಗಿದೆ, ಉಚ್ಚೆ ದಾರೀಗೆ ಅಡ್ಡ ಬರ್ತಿದೆ. ಒಂದು ಸಲ ತೋರಿಸ್ಕೊಳ್ಳೋಣ."

"ಹೆಂಗಸರು ಆಡೋ ಮಾತಾ ಇದು?"

ಅವಳಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಲ್ಯಾಬಿಗೆ ದಿನಾ ಬರೋದೇ ಅದು. ಸಾವಿರಾರು ಗಂಡಸರದ್ದು ಈ ಕೈಯಲ್ಲಿ ಕತ್ತರಿಸಿದೀನಿ."

ಟೈಲರಪ್ಪನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಅವಳು ಅದನ್ನು ಎತ್ತಿಕೊಟ್ಟಳು. ಕೊಟ್ಟು, ಬಿಡದೆ ಇನ್ನೂ ಹತ್ತಿರಕ್ಕೆ ಸರಿದಳು. ಮುಖದಲ್ಲಿ ಗಿರಾಕಿಗೆ ಹೊಸ ಅಂಗಿ ತೋರಿಸುವಾಗಿನಂಥ ಹುರುಪು.

"ಅದು ಕ್ಯಾನ್ಸರ್ ಅಲ್ಲ, ಹೆದರಬೇಡಿ. ಅದು ಹೇಗೆ ಬೆಳೆಯುತ್ತೆ ಗೊತ್ತಾ? ನಾನು ಕಣ್ಣಾರೆ ನೋಡಿದೀನಿ. ನೀವು ನೋಡಿದ್ರೆ ನಾಚಿಕೊಳ್ಳಲ್ಲ, ಬೆರಗಾಗಿ ಕೂತ್ಕೊಳ್ತೀರಿ. ಹೇಳ್ಲಾ? ಮೊದಲು ಒಂದು ಸಣ್ಣ…"

ಟೈಲರಪ್ಪ ಮಿಷನ್ನಿನ ಮುಂದೆ ಕೂತು ಜೋರಾಗಿ ಪೆಡಲು ತುಳಿಯತೊಡಗಿದರು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿದಳು, ಎದ್ದು ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನ ಬಚ್ಚಲಿನಲ್ಲಿ ಒಂದು ಕುರ್ಚಿ ಮಾತ್ರ ಬಂದು ಕೂತಿತ್ತು.

*

ವಾರ್ಡಿನ ಡ್ಯೂಟಿ ಡಾಕ್ಟರು ಇಪ್ಪತ್ತೇಳು ವರ್ಷದವನು. ಪೈಪು ಹಾಕುವಾಗ "ಒಂದು ಸಲ ಉಸಿರು ಎಳ್ಕೊಳ್ಳಿ ಅಜ್ಜ" ಎಂದ. ಚುರುಕ್ಕೆಂದಿತು. ಟೈಲರಪ್ಪ ಹಲ್ಲು ಕಚ್ಚಿದರು. ಆಮೇಲೆ ಏನೋ ಒಂದು ಕದ ತೆರೆದ ಹಾಗಾಯಿತು.

ಹೋಗುತ್ತಲೇ ಇತ್ತು. ಪೈಪಿನ ತುದಿಯ ಚೀಲದಲ್ಲಿ ಗೆರೆ ಗೆರೆಯಾಗಿ ಏರುತ್ತಿದ್ದದ್ದನ್ನು ನರ್ಸು ನೋಡುತ್ತಿದ್ದಳು. ಹೊಟ್ಟೆಯ ಕಲ್ಲು ಕರಗಿತು. ಬೆನ್ನು ಹಾಸಿಗೆಗೆ ತಾಗಿತು. ಕೈಕಾಲುಗಳು ತಮ್ಮವೇ ಎಂದು ಗೊತ್ತಾಯಿತು. ಎಷ್ಟು ಸುಖವೆಂದರೆ, ಟೈಲರಪ್ಪನ ಬಾಯಿಂದ ತಾನಾಗಿ "ಅಬ್ಬಾ" ಎಂದು ಹೊರಟಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಹೆಂಡತಿ ಮನೆಯಲ್ಲಿ ಕತ್ತರಿಸುವ ಮೇಜಿನ ಮೇಲೆ ಮಲಗಿದ್ದಾಳೆ ಎಂಬುದು ಮೊದಲ ಸಲ ಎದೆಗೆ ಬಂದು ಹೊಡೆಯಿತು. ನಿನ್ನೆಯಿಂದ ತಡೆದದ್ದೆಲ್ಲ ಒಟ್ಟಿಗೇ ಬಂತು. ಮೇಲೂ ಕೆಳಗೂ.

"ನೋವಾಯ್ತಾ ಅಜ್ಜ?" ಡ್ಯೂಟಿ ಡಾಕ್ಟರು ಗಾಬರಿಯಾದ.

"ಇಲ್ಲಪ್ಪ," ಟೈಲರಪ್ಪ ಬಿಕ್ಕುತ್ತ ಹೇಳಿದರು. "ಹೆಂಡತಿ ಸತ್ತ ದಿನ ಇಷ್ಟು ಹಾಯಾಗಬಾರದು."

ಒಂದು ಲೀಟರಿನ ಮೇಲಿತ್ತು. ಅರ್ಧ ಗಂಟೆ ಇಲ್ಲೇ ಇರಬೇಕು, ರಕ್ತದೊತ್ತಡ ನೋಡಬೇಕು ಎಂದರು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಕಣ್ಣೀರು ನಿಂತ ಮೇಲೆ ಟೈಲರಪ್ಪ ಮೇಲ್ಛಾವಣಿ ನೋಡುತ್ತ ಕೇಳಿದರು:

"ಅವಳು ನನಗೊಂದು ವಿಷಯ ಹೇಳೋಕೆ ಬಂದಿದ್ಲು. ಅದು ಹೇಗೆ ಬೆಳೆಯುತ್ತೆ ಅಂತ. ನಾನು ಕೇಳಿಸ್ಕೊಳ್ಳಲಿಲ್ಲ, ಮಿಷನ್ ತುಳಿದುಬಿಟ್ಟೆ. ಏನದು ಡಾಕ್ಟ್ರಮ್ಮ? ನಿಮಗೆ ಗೊತ್ತಿರಬೇಕು."

ಡಾಕ್ಟರಮ್ಮ ಗಡಿಯಾರ ನೋಡಿದರು. ಇನ್ನೂ ಸ್ವಲ್ಪ ತಡವಾಗುತ್ತೆ ಎಂದು ಟೈಲರಪ್ಪನ ಮಗಳಿಗೆ ಫೋನು ಮಾಡಿದರು. ಅರ್ಧ ಗಂಟೆ ಕಳೆದು ರಕ್ತದೊತ್ತಡ ಸರಿಯಿದೆ ಎಂದಾದ ಮೇಲೆ, ಚೀಲವನ್ನು ಕಾಲಿಗೆ ಕಟ್ಟಿಸಿ, ಪ್ಯಾಂಟಿನ ಕಾಲನ್ನು ಅದರ ಮೇಲೆ ಇಳಿಸಿ ಸರಿಮಾಡಿಸಿ, "ಬನ್ನಿ. ನಮ್ಮ ಲ್ಯಾಬು ಇದೇ ಕಟ್ಟಡ, ಎರಡನೇ ಮಹಡಿ," ಎಂದರು.

ಉತ್ತರದ ಕಿಟಕಿಯಿರುವ ಸಣ್ಣ ಕೋಣೆ. ಮೇಣದ ವಾಸನೆ. ಹೊಲಿಗೆ ಮಿಷನ್ನಿನಷ್ಟೇ ಗಾತ್ರದ ಒಂದು ಯಂತ್ರ, ಬದಿಗೆ ಕೈಚಕ್ರ. ಟೈಲರಪ್ಪ ಅದರ ಹಿಡಿಯನ್ನು ಮುಟ್ಟಿ ನೋಡಿದರು. ಹಿತ್ತಾಳೆಯ ಆ ಹಿಡಿ ಹೆಬ್ಬೆರಳು ಕೂರುವ ಕಡೆ ಸವೆದು ಗುಳಿ ಬಿದ್ದಿತ್ತು. ಅವರ ಕತ್ತರಿಯ ಹಿಡಿಯೂ ಹಾಗೇ ಸವೆದಿತ್ತು.

ಒಂದು ಗೋಡೆಯ ತುಂಬ ಡ್ರಾಯರುಗಳು. ಡಾಕ್ಟರಮ್ಮ ನಾಲ್ಕನ್ನು ಎಳೆದು ತೋರಿಸಿದರು. ಗಾಜಿನ ಪಟ್ಟಿಗಳು, ಸಾಲು ಸಾಲು. ಪ್ರತಿಯೊಂದರ ಅಂಚಿಗೆ ಪೆನ್ಸಿಲ್ಲಿನಲ್ಲಿ ಅವಳ ದುಂಡನೆಯ ಅಂಕಿ.

"ಇದೆಲ್ಲ ಒಬ್ಬನೇ ಮನುಷ್ಯನದ್ದು. ಬೇರೆ ಏನೋ ಆಗಿ ತೀರಿಕೊಂಡ, ಎಂಬತ್ತೆರಡು ವರ್ಷದವನು. ಓದೋಕೆ ಅಂತ ದೇಹ ಕೊಟ್ಟಿದ್ದ. ಹೆಸರು ನಮಗೂ ಗೊತ್ತಿಲ್ಲ. ಪ್ರಾಸ್ಟೇಟಿನಲ್ಲಿ ಗಂಟು ಮೊದಲು ಎಲ್ಲಿ ಶುರುವಾಗುತ್ತೆ ಅಂತ ನೋಡಬೇಕಿತ್ತು ನನಗೆ. ಬೆಳೆದ ಗಂಟು ಎಲ್ಲರಲ್ಲೂ ಸಿಗುತ್ತೆ. ಶುರು ಸಿಗಲ್ಲ. ಸಿಗಬೇಕಾದ್ರೆ ತುದಿಯಿಂದ ತುದಿಗೆ ಕತ್ತರಿಸಬೇಕು, ಒಂದು ಪದರಾನೂ ಹರಿಯಬಾರದು, ಒಂದರ ಸರದೀನೂ ತಪ್ಪಬಾರದು. ಯಾರೂ ಒಪ್ಪಲಿಲ್ಲ. ಇವಳು 'ಆಗಲಿ' ಅಂದ್ಲು."

"ಎಷ್ಟು ಪದರ?"

"ಏಳು ಸಾವಿರದ ಇನ್ನೂರ ನಲವತ್ತು. ದಿನದ ಕೆಲಸ ಎಲ್ಲ ಮುಗಿಸಿ, ಮಧ್ಯಾಹ್ನದ ಮೇಲೆ. ಆರು ತಿಂಗಳು."

"ಇದು ಯಾವಾಗ ಆಗಿದ್ದು?"

"ಇಪ್ಪತ್ತೆರಡು ವರ್ಷ ಆಯ್ತು."

ಟೈಲರಪ್ಪ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

*

ಆ ಆರು ತಿಂಗಳು ಅವರಿಗೆ ಚೆನ್ನಾಗಿ ನೆನಪಿತ್ತು. ಅವಳು ಮಾತು ಬಿಟ್ಟಿದ್ದ ಕಾಲ. ಮನೆಗೆ ಬಂದರೆ ಮೂಗಿಯ ಹಾಗೆ ಓಡಾಡುತ್ತಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು. ಕೂಗಿದರೆ ಕೈ ಎತ್ತಿ "ತಡೀರಿ" ಎನ್ನುತ್ತಿದ್ದಳು. ಟೈಲರಪ್ಪ ಅದನ್ನು ಸಿಟ್ಟು ಎಂದುಕೊಂಡಿದ್ದರು. ತಾವು ಏನು ತಪ್ಪು ಮಾಡಿದೆವು ಎಂದು ಲೆಕ್ಕ ಹಾಕಿ ಹಾಕಿ, ಅವಳ ತಮ್ಮನ ಮಗುವಿನ ಹುಟ್ಟುಹಬ್ಬಕ್ಕೆ ಹೋಗದಿದ್ದದ್ದೇ ಕಾರಣ ಎಂದು ತೀರ್ಮಾನಿಸಿ, ತಡವಾಗಿ ಒಂದು ಫ್ರಾಕು ಹೊಲಿದು ಕಳಿಸಿದ್ದರು.

ಒಂದು ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅಂಗಡಿಯೊಳಗೆ ನುಗ್ಗಿ ಬಂದು, "ಸಿಕ್ತು ರೀ," ಎಂದಿದ್ದಳು. ಕಣ್ಣು ಹೊಳೆಯುತ್ತಿತ್ತು.

"ಏನು?"

"ಶುರು."

"ಏನು ಶುರು? ಊಟಕ್ಕೆ ಶುರು ಮಾಡು ಮೊದಲು. ಹಸಿವಾಗಿದೆ," ಎಂದಿದ್ದರು ಟೈಲರಪ್ಪ.

*

"ಸರದಿ ತಪ್ಪಬಾರದು ಅಂತ ಮನಸ್ಸಲ್ಲೇ ಅಂಕಿ ಹೇಳ್ಕೊಂಡಿರ್ತಿದ್ಲು," ಡಾಕ್ಟರಮ್ಮ ಹೇಳಿದರು. "ಬಸ್ಸಲ್ಲೂ ಹೇಳ್ಕೊಳ್ತಿದ್ಲಂತೆ."

ಟೈಲರಪ್ಪ ಒಂದು ಗಾಜಿನ ಅಂಚಿನಲ್ಲಿದ್ದ ಅಂಕಿಯ ಮೇಲೆ ಬೆರಳಾಡಿಸಿದರು.

ಡಾಕ್ಟರಮ್ಮ ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನ ದೀಪ ಹಾಕಿ, ಒಂದು ಗಾಜು ಕೂರಿಸಿದರು. "ಕನ್ನಡಕ ತೆಗೆದು ನೋಡಿ. ಅವಸರ ಬೇಡ."

ಮೊದಲು ಕಂಡದ್ದು ಟೈಲರಪ್ಪನ ರೆಪ್ಪೆಯೇ. ಆಮೇಲೆ ಬೆಳಕು ನಿಂತಿತು. ತಿಳಿಗುಲಾಬಿ ಬಣ್ಣದ ಬಟ್ಟೆಯೊಂದನ್ನು ಯಾರೋ ಹರವಿದಂತಿತ್ತು. ಅಷ್ಟು ನಯವಾದ ನೇಯ್ಗೆಯನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಎಳೆಗಳು ಒಂದರ ಪಕ್ಕ ಒಂದು ಅಲೆಯಾಗಿ ಸಾಗಿದ್ದವು. ನಡುನಡುವೆ ನೇರಳೆ ಚುಕ್ಕಿಗಳ ಅಂಚು ಕಟ್ಟಿದ ಕೊಳವೆಗಳು. ಅಂಚಿನಲ್ಲಿ ಒಂದು ಚುಕ್ಕಿಯೂ ಸಾಲು ತಪ್ಪಿರಲಿಲ್ಲ.

"ಕೊಳವೆಗಳೇ ಗ್ರಂಥಿ. ಸುತ್ತ ಇರೋ ಗುಲಾಬಿ ಎಳೆ ಬರೀ ಆಧಾರ, ಅಸ್ತರಿನ ಹಾಗೆ. ಈಗ ಬಾಣದ ಗುರುತು ನೋಡಿ."

ಬಾಣ ಸರಿದು ಒಂದು ಕಡೆ ನಿಂತಿತು. ಅಲ್ಲಿ ಎಳೆಗಳು ದಾರಿ ಬಿಟ್ಟು ಸುತ್ತಿಕೊಂಡು ಒಂದು ಪುಟ್ಟ ಉಂಡೆಯಾಗಿದ್ದವು. ಸಾಸಿವೆಕಾಳಿಗಿಂತ ಚಿಕ್ಕದು ಎಂದರು ಡಾಕ್ಟರಮ್ಮ. ಅದರೊಳಗೆ ಕೊಳವೆ ಇರಲಿಲ್ಲ. ಆದರೆ ಪಕ್ಕದಲ್ಲಿ ಹಾದುಹೋಗುತ್ತಿದ್ದ ಕೊಳವೆಯೊಂದು ಅಲ್ಲಿಗೆ ಬಂದು ಬಾಗಿತ್ತು. ಕಿಟಕಿಯ ಕಡೆಗೆ ಬಾಗುವ ಬಳ್ಳಿಯಂತೆ. ಬಾಗಿ, ಉಂಡೆಯ ಕಡೆಗೆ ಒಂದು ಕುಡಿ ಚಾಚಿತ್ತು.

"ಎಲ್ಲರ ಕಣ್ಣೂ ಗ್ರಂಥಿಯ ಮೇಲೇ ಇರುತ್ತೆ. ಆದ್ರೆ ಶುರು ಮಾಡೋದು ಅಸ್ತರು. ಪುಸ್ತಕದಲ್ಲಿ ಓದಿದ್ದೆ, ನಂಬಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ. ಅಸ್ತರಿನ ಕಣಗಳು ಒಂದು ವಸ್ತು ಬಿಡ್ತಾವೆ. ಗ್ರೋತ್ ಫ್ಯಾಕ್ಟರ್ ಅಂತೀವಿ ನಾವು. ಅದು ಹೋಗಿ ಪಕ್ಕದ ಗ್ರಂಥಿಯ ಕಣಕ್ಕೆ ತಾಗಿ, 'ಬೆಳಿ' ಅನ್ನುತ್ತೆ. 'ಸಾಕು, ನಿಲ್ಲು' ಅನ್ನೋವೂ ಬೇರೆ ಇದಾವೆ. ಗಂಡಸಿನ ಹಾರ್ಮೋನು ಅಪ್ಪಣೆ ಕೊಡುತ್ತೆ, ಕೆಲಸ ಮಾಡಿಸೋರು ಇವರು. ವಯಸ್ಸಾದ ಹಾಗೆ 'ಬೆಳಿ' ಅನ್ನೋ ದನಿ ಮೇಲಾಗಿ 'ಸಾಕು' ಅನ್ನೋದು ಕೇಳಿಸದೆ ಹೋಗುತ್ತೆ. ಯಾಕೆ ಅಂತ ಪೂರ್ತಿ ಗೊತ್ತಿರೋರು ಯಾರೂ ಇಲ್ಲ. ನಿಮ್ಮ ಹೆಂಡತಿ ಇವನ್ನ ಗ್ರೋತ್ ಫ್ಯಾಕ್ಟರ್ ಅಂತಾನೇ ಇರಲಿಲ್ಲ. ಅಳತೆ ಚೀಟಿ ಅಂತಿದ್ಲು."

"ಅಳತೆ ಚೀಟಿ?"

"ನೀವು ಬಟ್ಟೆಗೆ ಚುಚ್ಚಿ ಹೊಲಿಯೋರಿಗೆ ಕೊಡ್ತೀರಂತಲ್ಲ, ಅದು. ಚೀಟಿ ಬರೆಯೋನು ಒಬ್ಬ, ಹೊಲಿಯೋನು ಇನ್ನೊಬ್ಬ."

ಟೈಲರಪ್ಪ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ತಾವು ಮೂಗಿ ಎಂದುಕೊಂಡಿದ್ದ ಆ ಆರು ತಿಂಗಳು ಅವಳು ತಮ್ಮ ಅಂಗಡಿಯನ್ನೂ ಇಲ್ಲಿಗೆ ತಂದು ಕೂರಿಸಿದ್ದಳು.

"ಇನ್ನೊಂದು ಇದೆ," ಎಂದು ಡಾಕ್ಟರಮ್ಮ ಗಾಜು ಬದಲಿಸಿದರು. ಅದೇ ಉಂಡೆ, ಅದೇ ಕೊಳವೆ. ಈಗ ಉಂಡೆಯ ಎಳೆಗಳ ಸುತ್ತ ಕಂದು ಬಣ್ಣ, ಕಾಫಿಯ ಕಲೆಯಂತೆ, ಕೊಳವೆ ಬಾಗಿದ ಕಡೆ ದಟ್ಟವಾಗಿ. "ಚೀಟಿ ಇರೋ ಕಡೆ ಮಾತ್ರ ಹಿಡಿಯೋ ಬಣ್ಣ ಇದು; ಕಂದು ಇರೋ ಕಡೆಯೆಲ್ಲ ಚೀಟಿ ಇದೆ. ಇದು ಪಕ್ಕದ ಪದರ. ಇದನ್ನ ಅವಳು ಮತ್ತೆ ಮತ್ತೆ ನೋಡಿದ್ಲು. ಆಮೇಲೆ, 'ಡಾಕ್ಟ್ರೇ, ಅಮ್ಮನ ಹೊಟ್ಟೇಲಿ ಮಗು ಬೆಳೆಯೋವಾಗಲೂ ಹೀಗೇ ಕುಡಿ ಒಡೆಯುತ್ತೆ ಅಂತ ನೀವೇ ತೋರಿಸಿದ್ರಿ ಅಲ್ವಾ?' ಅಂದ್ಲು. ಹೌದು ಅಂದೆ. 'ಹಾಗಾದ್ರೆ ಇದು ಮುದಿಯಾಗಿಲ್ಲ. ಎಂಬತ್ತೆರಡು ವರ್ಷ ಆದ್ಮೇಲೂ ಹುಟ್ಟೋಕೆ ಮುಂಚೆ ಕೇಳಿದ ಮಾತು ಇದಕ್ಕೆ ನೆನಪಿದೆ' ಅಂದ್ಲು. ನಾನು ಮೂವತ್ತು ವರ್ಷ ಪಾಠ ಮಾಡಿದೀನಿ ಟೈಲರ್ ಅವರೇ. ಅಷ್ಟು ಚೆನ್ನಾಗಿ ಒಂದು ಸಲಾನೂ ಹೇಳಿಲ್ಲ."

ಟೈಲರಪ್ಪನ ಕೈ ತಾನಾಗಿ ತಮ್ಮ ಹೊಟ್ಟೆಯ ಕೆಳಗೆ ಹೋಯಿತು. ಈ ಹತ್ತು ವರ್ಷ, ತಾವು ಮಂಡಿ ನೋವೆಂದು ಸುಳ್ಳು ಹೇಳುತ್ತಿದ್ದಾಗ, ಬಾಗಿಲು ಹಾಕಿಕೊಂಡು ಹಲ್ಲು ಕಚ್ಚುತ್ತಿದ್ದಾಗ, ಒಳಗೆ ಇಷ್ಟು ನಯವಾದ ಕೆಲಸ ನಡೆಯುತ್ತಿತ್ತೇ? ಚೀಟಿ ಹೋಗುತ್ತಿತ್ತು, ಬಳ್ಳಿ ಬಾಗುತ್ತಿತ್ತು. ಪಕ್ಕದಲ್ಲಿ ಮಲಗಿದ್ದವಳಿಗೆ ಅದು ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ದೀಪದ ಬುಡದಲ್ಲಿ ಕೂತು ತಾವು ಕತ್ತಲೆ ಎನ್ನುತ್ತಿದ್ದರು.

ಡಾಕ್ಟರಮ್ಮ ಕಪಾಟಿನಿಂದ ಒಂದು ಹಳೆಯ ವೈದ್ಯಕೀಯ ಪತ್ರಿಕೆ ತೆಗೆದರು. "ಇದು ಅಚ್ಚಾದಾಗ ಅವಳ ಹೆಸರೂ ಹಾಕಿದ್ವಿ. ಮನೇಲಿ ಒಂದು ಪ್ರತಿ ಇರಬೇಕು."

ಟೈಲರಪ್ಪ ಚಿತ್ರ ನೋಡಿ ಬೆಚ್ಚಿದರು. ಆ ಕಂದು ಕಲೆಯನ್ನು ಅವರು ಬಲ್ಲರು. ದಪ್ಪ ನುಣುಪು ಕಾಗದ. ಅಂಥದ್ದು ಸಿಗುವುದು ಅಪರೂಪ. ಸ್ಕೂಲು ಅಂಗಿಯ ಕಾಲರ್ ಕತ್ತರಿಸುವ ಅಚ್ಚಿಗೆ ಹೇಳಿ ಮಾಡಿಸಿದ್ದು.

"ಡಾಕ್ಟ್ರಮ್ಮ… ನಾನು ಅದನ್ನ ಕಾಲರಿನ ಅಚ್ಚು ಮಾಡಿಬಿಟ್ಟೆ. ಎಷ್ಟೋ ವರ್ಷ ಮೊಳೆಗೆ ತೂಗಾಡ್ತಿತ್ತು. ಅವಳು ನೋಡಿದ್ರೂ ಏನೂ ಅನ್ನಲಿಲ್ಲ."

ಡಾಕ್ಟರಮ್ಮ ನಕ್ಕರು; ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ನನಗೆ ಬಂದು ಹೇಳಿದ್ಲು. 'ನಮ್ಮ ಪೇಪರ್ ಓದಿದೋರು ಎಷ್ಟು ಜನಾನೋ ಗೊತ್ತಿಲ್ಲ ಡಾಕ್ಟ್ರೇ, ಊರಿನ ಅರ್ಧ ಮಕ್ಕಳ ಕುತ್ತಿಗೆಗಂತೂ ಬಂದಿದೆ' ಅಂತ."

*

ಅವರು ವಾಪಸು ಬಂದಾಗ ಹನ್ನೆರಡೂವರೆ. ಭಾಮೈದ ಬೀದಿಯಲ್ಲೇ ನಿಂತಿದ್ದ. ಜನ ಕಡಿಮೆಯಾಗುವ ಬದಲು ಹೆಚ್ಚಾಗಿದ್ದರು. ಟೈಲರಪ್ಪ ನೆಟ್ಟಗೆ ನಡೆದು ಒಳಗೆ ಹೋಗಿ, ಕತ್ತರಿಸುವ ಮೇಜಿನ ಹತ್ತಿರ ಬಗ್ಗಿ ಅವಳ ಮುಖವನ್ನು ನೋಡಿದರು. ಎಲ್ಲರೂ ಅವರು ಏನಾದರೂ ಹೇಳುತ್ತಾರೆ ಎಂದುಕೊಂಡರು.

"ನೋಡಿ ಬಂದೆ ಕಣೇ," ಎಂದರು ಅಷ್ಟೇ.

ಸ್ಮಶಾನದಲ್ಲಿ ಹೊತ್ತು ಹಿಡಿಯಲಿಲ್ಲ. ಮಣ್ಣು ಮುಚ್ಚಿ ಆದ ಮೇಲೆ ಹೆಂಗಸರು ಗೇಟಿನ ಕಡೆ ಹೊರಟರು. ಲ್ಯಾಬಿನ ವ್ಯಾನು ಹೋಯಿತು. ಟೈಲರಪ್ಪ ಗುಂಡಿಯ ಬದಿಯಲ್ಲೇ ನಿಂತಿದ್ದರು. ಸ್ವಲ್ಪ ದೂರದಲ್ಲಿ ಇಬ್ಬರು ಹೋಗದೆ ಉಳಿದಿದ್ದರು: ಪೋಸ್ಟ್‌ಮ್ಯಾನ್, ಮತ್ತು ಎದುರು ಮನೆಯ ಹಾರ್ಡ್‌ವೇರ್ ಅಂಗಡಿಯವರು. ಇಬ್ಬರೂ ಎಪ್ಪತ್ತು ದಾಟಿದವರು. ಭಾಮೈದನೂ ಗಾಡಿಯವನ ಹತ್ತಿರ ಮಾತಾಡುವ ನೆಪ ಮಾಡಿ, ಮಾತು ಮುಗಿಸಿ ಇತ್ತ ಬಂದ.

"ಭಾವ…" ಹಿಂದೆ ಮುಂದೆ ನೋಡಿದ. "ಪೈಪು ಹಾಕೋವಾಗ ತುಂಬಾ ನೋವ?"

ಟೈಲರಪ್ಪ ತಿರುಗಿ ಅವನನ್ನು ನೋಡಿದರು. "ನಿಂಗೂನಾ?"

"ಮೂರು ವರ್ಷ ಆಯ್ತು. ಸಕ್ಕರೆ ಕಾಯಿಲೆ ಅಂತ ಮನೇಲಿ ಹೇಳಿದೀನಿ."

ಪೋಸ್ಟ್‌ಮ್ಯಾನ್ ಕೆಮ್ಮಿದರು. "ನಾನು ಬೆಳಗಿನ ವಾಕಿಂಗ್ ಅಂತೀನಿ. ಪಾರ್ಕಿನ ಬೇಲಿ ಹತ್ತಿರ ಹೋಗಿ ನಿಂತ್ಕೊಳ್ಳೋದೇ ವಾಕಿಂಗು."

ಹಾರ್ಡ್‌ವೇರ್ ಅಂಗಡಿಯವರು ಹತ್ತಿರ ಬಂದು ನಿಂತರು, ಅಷ್ಟೇ ಸಾಕಾಗಿತ್ತು.

ಟೈಲರಪ್ಪ ಪ್ಯಾಂಟಿನ ಕಾಲು ಎತ್ತಿ ಚೀಲ ತೋರಿಸಿದರು. "ಚುರುಕ್ಕೆನ್ನುತ್ತೆ, ಸುಳ್ಳು ಯಾಕೆ. ಆಮೇಲೆ ಸ್ವರ್ಗ. ನಾಳೆ ನಾಲ್ಕೂ ಜನ ಹೋಗೋಣ, ಡಾಕ್ಟ್ರಮ್ಮ ಇರ್ತಾರೆ. ಮಾತ್ರೆ ಇದೆಯಂತೆ. ನನಗಾದ್ರೆ ಆಪರೇಷನ್ನೇ."

"ಅಲ್ಲಿ ಒಳಗೆ ಏನು ಬೆಳೆಯೋದು? ಗಡ್ಡೆಯಾ?" ಹಾರ್ಡ್‌ವೇರ್ ಅಂಗಡಿಯವರು ಕೇಳಿದರು. "ಕೆಟ್ಟದ್ದಾ?"

"ಕೆಟ್ಟದ್ದಲ್ಲ," ಎಂದರು ಟೈಲರಪ್ಪ. ಹೇಗೆ ಹೇಳಲಿ ಎಂದು ಸುತ್ತ ನೋಡಿದರು. ಮೆಲ್ಲಗೆ, ಪೈಪು ಎಳೆಯದಂತೆ ಒಂದು ಕೈ ಆಧಾರ ಕೊಟ್ಟು, ಹೊಸ ಮಣ್ಣಿನ ಅಂಚಿಗೆ ಕುಕ್ಕರುಗಾಲಲ್ಲಿ ಕೂತರು. ಅಂಗೈಯಿಂದ ಒಂದಿಷ್ಟು ಜಾಗ ಸವರಿ ನುಣ್ಣಗೆ ಮಾಡಿದರು. ಬೆರಳಿನಿಂದ ಒಂದು ಪುಟ್ಟ ಉಂಡೆ ಬರೆದರು. ಅದರ ಪಕ್ಕದಲ್ಲಿ ಒಂದು ಕೊಳವೆ, ಮೇಲಿನಿಂದ ನೇರವಾಗಿ ಬಂದು, ಉಂಡೆಯ ಎದುರಿಗೆ ಬಂದಾಗ ಬಾಗುವ ಹಾಗೆ.

"ಇದು ಇದಕ್ಕೆ ಒಂದು ಚೀಟಿ ಕಳಿಸುತ್ತೆ. ನಾವು ಹುಟ್ಟೋಕೆ ಮುಂಚೆ ಕಳಿಸಿದ್ದಂಥದ್ದೇ ಚೀಟಿ. ಆಗ ಇದು ಹೀಗೆ…"

ಬೆರಳು ಕೊಳವೆಯ ಬಾಗಿನಿಂದ ಹೊರಟು, ಕೂದಲೆಳೆಯಷ್ಟು ತೆಳ್ಳಗಿನ ಒಂದು ಕುಡಿಯನ್ನು ಎಳೆಯತೊಡಗಿತು. ಪೋಸ್ಟ್‌ಮ್ಯಾನ್ ಮಂಡಿಯೂರಿದರು. ಭಾಮೈದ ಬಿಸಿಲಿಗೆ ಅಡ್ಡ ಬಂದ ತನ್ನ ನೆರಳನ್ನು ಸರಿಸಿ, ಇನ್ನೊಂದು ಬದಿಯಿಂದ ಬಂದು ಕೂತ. ಹಾರ್ಡ್‌ವೇರ್ ಅಂಗಡಿಯವರು ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡರು. ಗೇಟಿನ ಹತ್ತಿರ ಗಾಡಿಯವನು ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಹಸಿ ಮಣ್ಣಿನ ಮೇಲೆ ನಾಲ್ಕು ಬಿಳಿ ತಲೆಗಳು ಒಂದಕ್ಕೊಂದು ತಾಗುವಷ್ಟು ಬಾಗಿದ್ದವು. ಕುಡಿ ಇನ್ನೂ ಉಂಡೆಯನ್ನು ಮುಟ್ಟಿರಲಿಲ್ಲ.